ಕಡಿಮೆ ಓಡಿದ ಗಾಡಿ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ದಿನಚರಿ ಬರೆಯುವ ಅಭ್ಯಾಸ ನನಗೆ ಕಾಲೇಜಿನಿಂದಲೂ ಇದೆ. ಆದರೆ ಆ ದಿನಗಳ ಪುಟಗಳನ್ನು ಈಗ ತೆರೆದರೆ ಬೇಕಾದದ್ದು ಸಿಗುವುದಿಲ್ಲ. ಕುಮಟೆಯ ಬಸ್ಸು ತಪ್ಪಿದ್ದು ಇದೆ, ಹಲ್ಲುನೋವಿಗೆ ಲವಂಗ ಇಟ್ಟುಕೊಂಡದ್ದು ಇದೆ. ಯಾರು ಏನು ಹೇಳಿದರು ಎಂಬುದು ಇಲ್ಲ. ಆ ಗಾಡಿಯನ್ನು ನಾನು ಮೊದಲ ಸಲ ನೋಡಿದ ದಿನ ಮಳೆ ಹನಿಯುತ್ತಿತ್ತು ಎಂದು ನನ್ನ ನೆನಪು. ಜೊತೆಗಿದ್ದ, ನಮ್ಮಲ್ಲಿ ಗಾಡಿ ರಿಪೇರಿ ಮಾಡುವ ಫಿಟ್ಟರು ಸುಡುಬಿಸಿಲಿತ್ತು ಅನ್ನುತ್ತಾರೆ. ಅವರು ಹೇಳುವುದೇ ಸರಿಯಿರಬಹುದು, ಮಳೆಯಿದ್ದಿದ್ದರೆ ಅವರು ಗಾಡಿಯ ಅಡಿಗೆ ಮಲಗುತ್ತಿರಲಿಲ್ಲ. ಹಾಗಾಗಿ ಗೊತ್ತಿದ್ದುದನ್ನು ಗೊತ್ತಿದ್ದಂತೆ ಬರೆಯುತ್ತೇನೆ. ಅನುಮಾನ ಇರುವಲ್ಲಿ ಅನುಮಾನ ಇದೆ ಎಂದೇ ಬರೆಯುತ್ತೇನೆ.

ಹೊನ್ನಾವರದಲ್ಲಿ ಹೆದ್ದಾರಿಯ ಬದಿಗೆ ಹಳೆಯ ಕಾರುಗಳನ್ನು ಕೊಂಡು ಮಾರುವ ಒಂದು ಯಾರ್ಡು. ಅಲ್ಲಿ ಬೆಲೆ ಕಟ್ಟುವುದು ನನ್ನ ಕೆಲಸ. ಯಾವ ಗಾಡಿ ಎಷ್ಟು ವರ್ಷಕ್ಕೆ ಎಷ್ಟು ಬೆಲೆ ಉಳಿಸಿಕೊಳ್ಳುತ್ತದೆ ಎಂದು ತಿಂಗಳಿಗೊಮ್ಮೆ ಒಂದು ಪಟ್ಟಿ ಮಾಡುತ್ತೇನೆ. ಭಟ್ಕಳ, ಹೊನ್ನಾವರ, ಕುಮಟೆ, ಈ ಮೂರು ಊರುಗಳ ವ್ಯವಹಾರವನ್ನು ಮಾತ್ರ ಲೆಕ್ಕಕ್ಕೆ ಹಿಡಿದ ಪಟ್ಟಿ ಅದು. ಇಂಟರ್ನೆಟ್ಟಿನಲ್ಲಿ ಸಿಗುವ ಬೆಲೆ ಬೆಂಗಳೂರಿನದು, ನಮ್ಮಲ್ಲಿ ಅದು ನಡೆಯುವುದಿಲ್ಲ. ನಮ್ಮ ಮಾಲೀಕರು ಪಟ್ಟಿಯನ್ನು ವಾಟ್ಸಾಪಿನಲ್ಲಿ ಹತ್ತಾರು ದಲ್ಲಾಳಿಗಳಿಗೆ ಕಳಿಸುತ್ತಿದ್ದರು. ಅವರು ಅದನ್ನು ಪ್ರಿಂಟ್ ತೆಗೆದು ಇಟ್ಟುಕೊಳ್ಳುತ್ತಿದ್ದರು. ಫಿಟ್ಟರು ನನ್ನನ್ನು ಕರೆಯುತ್ತಿದ್ದುದೇ ‘ಪಟ್ಟಿ ಮೇಡಂ’ ಎಂದು.

ಕಂಪನಿಗಳ ಹೆಸರು ಇಲ್ಲಿ ಬರೆಯುವುದಿಲ್ಲ, ಇಲ್ಲಿಯ ತಪ್ಪು ಯಾವ ಕಂಪನಿಯದೂ ಅಲ್ಲ. ಸ್ಥೂಲವಾಗಿ ಹೇಳುವುದಾದರೆ, ಚಿಕ್ಕ ಪೆಟ್ರೋಲ್ ಗಾಡಿಗಳ ಬೆಲೆ ನಿಧಾನ ಇಳಿಯುತ್ತದೆ, ಏಕೆಂದರೆ ಅವುಗಳ ಬಿಡಿಭಾಗ ಕುಮಟೆಯ ಪೇಟೆಯಲ್ಲೇ ಸಿಗುತ್ತದೆ. ಉದ್ದ ಬಾಲದ ಸೆಡಾನುಗಳ ಬೆಲೆ ಬೇಗ ಬೀಳುತ್ತದೆ. ಮನೆಯ ತನಕ ಹೋಗುವ ಕಲ್ಲುರಸ್ತೆಯಲ್ಲಿ ಹೊಟ್ಟೆ ತಾಗುವ ಗಾಡಿ ಯಾರಿಗೂ ಬೇಡ. ಕಂಪನಿ ನಿಲ್ಲಿಸಿಬಿಟ್ಟ ಮಾಡೆಲ್ಲುಗಳಿಗೆ ಗಿರಾಕಿ ಹುಡುಕುವುದೇ ಕಷ್ಟ, ಒಂದು ಹೆಡ್‌ಲೈಟಿಗೂ ಹುಬ್ಬಳ್ಳಿಗೆ ಹೇಳಬೇಕು. ಎಲ್ಲಕ್ಕಿಂತ ಗಟ್ಟಿಯಾಗಿ ನಿಲ್ಲುವುದು ಏಳು ಸೀಟಿನ ಡೀಸೆಲ್ ಗಾಡಿ. ಭಟ್ಕಳದಲ್ಲಿ ದೊಡ್ಡ ಕುಟುಂಬಗಳು, ಮಂಗಳೂರು ವಿಮಾನ ನಿಲ್ದಾಣಕ್ಕೆ ಹೋಗಿಬರುವ ತಿರುಗಾಟ. ಆ ಗಾಡಿಗೆ ಗಿರಾಕಿ ಯಾವತ್ತೂ ಇರುತ್ತಾನೆ.

ಮಾಡೆಲ್ಲಿನ ಬೆಲೆಯ ಮೇಲೆ ನಾನು ಎರಡು ಕಾಲಂ ಸೇರಿಸಿದ್ದೆ. ಒಂದು, ಎಷ್ಟನೇ ಕೈ, ಅಂದರೆ ಗಾಡಿ ಎಷ್ಟನೆಯ ಮಾಲೀಕರ ಹೆಸರಿನಲ್ಲಿದೆ. ಇನ್ನೊಂದು, ಎಷ್ಟು ಕಿಲೋಮೀಟರ್ ಓಡಿದೆ. ಮೊದಲ ಕೈಯ ಗಾಡಿ, ಕಡಿಮೆ ಓಡಿದ್ದು ಎಂದರೆ ಬೆಲೆಗೆ ಒಳ್ಳೆಯ ಏರಿಕೆ. ಅದು ಎಲ್ಲ ಕಡೆ ಮಾಡುವ ಲೆಕ್ಕವೇ. ಆದರೆ ನಮ್ಮಲ್ಲಿ ಅದಕ್ಕೆ ಇನ್ನೊಂದು ಅರ್ಥವೂ ಇತ್ತು. ಭಟ್ಕಳದ ಪಕ್ಕದ ಜಾಲಿಯಲ್ಲಿ ಗಲ್ಫಿನಲ್ಲಿ ದುಡಿಯುವವರು ರಜೆಗೆ ಬಂದಾಗ ಗಾಡಿ ಕೊಳ್ಳುತ್ತಾರೆ, ಒಂದು ತಿಂಗಳು ಓಡಿಸುತ್ತಾರೆ, ಉಳಿದ ಹನ್ನೊಂದು ತಿಂಗಳು ಅದು ಮನೆಯ ಮುಂದಿನ ತಗಡಿನ ಮಾಡಿನಡಿ ನಿಂತಿರುತ್ತದೆ. ಏಳು ವರ್ಷಕ್ಕೆ ಹದಿನೇಳು ಸಾವಿರ ಕಿಲೋಮೀಟರ್. ಸೀಟಿನ ಪ್ಲಾಸ್ಟಿಕ್ ಕವರು ಕೂಡ ತೆಗೆದಿರುವುದಿಲ್ಲ. ಅಂಥ ಗಾಡಿ ಬಂದರೆ ದಲ್ಲಾಳಿಗಳು ‘ಜಾಲಿ ಗಾಡಿ’ ಎಂದು ಧ್ವನಿ ತಗ್ಗಿಸಿ ಹೇಳುತ್ತಿದ್ದರು.

ನಮ್ಮ ಕಡೆ ಹಳೆಯ ಗಾಡಿ ನೋಡುವ ಒಂದು ಕ್ರಮ ಇದೆ. ಡಿಕ್ಕಿ ತೆಗೆದು, ಅದರ ಹಾಸನ್ನು ಎತ್ತಿ, ತಲೆ ಒಳಗೆ ಹಾಕಿ ಮೂಸುವುದು. ಮೀನಿನ ಬುಟ್ಟಿ ಸಾಗಿಸಿದ ಗಾಡಿಯಾದರೆ ಎಷ್ಟು ಸೋಪು ಹಾಕಿ ತೊಳೆದರೂ ವಾಸನೆ ಹೋಗುವುದಿಲ್ಲ. ಮಂಜುಗಡ್ಡೆಯ ಉಪ್ಪುನೀರು ಇಳಿದು ಅಡಿಯ ತಗಡು ತಿಂದಿರುತ್ತದೆ. ಮೂಗಿಗೆ ಏನೂ ಬರದಿದ್ದರೆ ಗಾಡಿ ಪಾಸು. ನಾನೂ ಹಾಗೇ ಕಲಿತೆ. ಉಪ್ಪು ಮೀನಿನ ಜೊತೆಗೇ ಬರುತ್ತದೆ ಎಂದು ನಾವೆಲ್ಲ ನಂಬಿದ್ದೆವು. ನಾನು ಸಂಖ್ಯಾಶಾಸ್ತ್ರ ಓದಿದವಳು, ನಂಬುವ ಮೊದಲು ಪರೀಕ್ಷಿಸಬೇಕಿತ್ತು.

ಜಾಲಿಯ ಒಂದು ಮನೆಯಿಂದ ಬಂದ ಏಳು ಸೀಟಿನ ಗಾಡಿಯನ್ನು ನಾನೇ ನೋಡಿದೆ. ಡಿಕ್ಕಿಯಲ್ಲಿ ಅತ್ತರಿನ ವಾಸನೆ. ಫಿಟ್ಟರು ಅಡಿಗೆ ಮಲಗಿ ಟಾರ್ಚ್ ಬಿಟ್ಟರು. ಅಡಿ ಇಡೀ ತುಕ್ಕು ತಡೆಯಲು ಬಳಿಯುವ ಕಪ್ಪು ಅಂಡರ್ ಕೋಟಿಂಗ್, ಹೊಸ ತಾರಿನಂತೆ ಹೊಳೆಯುತ್ತಿತ್ತು. ಪ್ರತಿವರ್ಷ ಮಳೆಗಾಲದ ಮೊದಲು ಬಳಿಸುತ್ತಾರೆ ಎಂದು ದಲ್ಲಾಳಿ ಹೇಳಿದ. ಪಟ್ಟಿಯಲ್ಲಿ ಅದುವರೆಗಿನ ಅತಿ ಹೆಚ್ಚಿನ ಬೆಲೆ ನಾನು ಅದಕ್ಕೆ ಕಟ್ಟಿದೆ.

ಅದನ್ನು ಕೊಂಡದ್ದು ನನ್ನ ಸೋದರಮಾವ.

ಮಾವನ ಮನೆ ಹಿರೇಗುತ್ತಿಯಲ್ಲಿ. ಇಡೀ ಆಯುಷ್ಯ ತದಡಿಯಿಂದ ಗೋವೆಗೆ ಮೀನಿನ ಲಾರಿ ಓಡಿಸಿದವನು. ಸ್ಟೇರಿಂಗ್ ಹಿಡಿದ ಗಾಡಿಗಳೆಲ್ಲ ಬೇರೆಯವರದ್ದು. ಒಂದು ಸ್ವಂತ ಗಾಡಿ ಬೇಕು, ಅದಕ್ಕೆ ಮೀನಿನ ನೀರು ಸೋಕಿರಬಾರದು, ಇಷ್ಟೇ ಅವನ ಆಸೆ. ದುಡಿದು ಕೂಡಿಟ್ಟದ್ದರ ದೊಡ್ಡ ಪಾಲು ಅದಕ್ಕೆ ಹೋಯಿತು. ಬೆಲೆ ಕೇಳಿ ಅವನು ಹಿಂದೆ ಸರಿಯಲಿಲ್ಲ.

“ಪಟ್ಟಿ ನಿಂದೇ ಅಲ್ಲವಾ ತಂಗಿ? ಮತ್ತೆಂತಕ್ಕೆ ಚೌಕಾಸಿ” ಎಂದ. ಕೊನೆಗೆ ಡಿಕ್ಕಿಗೆ ತಲೆ ಹಾಕಿ ಮೂಸಿ, “ಇದಕ್ಕಿಂತ ನನ್ನ ಮೈಯೇ ಹೆಚ್ಚು ನಾರ್ತದೆ” ಎಂದು ನಕ್ಕ.

ಆರ್‌ಸಿಯನ್ನು ಅವನು ತನ್ನ ಹೆಸರಿಗೆ ಮಾಡಿಸಲಿಲ್ಲ. ಜಾಲಿಯ ಮಾಲೀಕರು ದುಬೈಗೆ ಹೋಗುವ ಮೊದಲು ವರ್ಗಾವಣೆಯ ಫಾರಂಗಳಿಗೆ ಸಹಿ ಹಾಕಿಟ್ಟಿದ್ದರು, ಕೊಳ್ಳುವವರ ಹೆಸರಿನ ಜಾಗ ಖಾಲಿ. ಹೆಸರು ಸೇರಿದರೆ ಎರಡನೇ ಕೈ ಆಗುತ್ತದೆ, ನಾಳೆ ಮಾರುವಾಗ ಬೆಲೆ ಇಳಿಯುತ್ತದೆ. ಇದನ್ನೂ ಅವನು ಕಲಿತದ್ದು ನನ್ನ ಪಟ್ಟಿಯಿಂದಲೇ. ಇಲ್ಲಿ ಬಹಳ ಜನ ಹಾಗೆ ಮಾಡುತ್ತಾರೆ. ಮಾಡಿಸಿಕೊ ಎಂದು ನಾನು ಒಂದೆರಡು ಸಲ ಹೇಳಿದ್ದೆ. ಒತ್ತಾಯ ಮಾಡಲಿಲ್ಲ.

ನಾಲ್ಕು ತಿಂಗಳ ಮೇಲೆ ಅದೇ ಜಾಲಿ ಮನೆಯ ಎರಡನೆಯ ಗಾಡಿ ನಮ್ಮ ಯಾರ್ಡಿಗೆ ಬಂತು. ಚಿಕ್ಕದು, ಆಟೋಮ್ಯಾಟಿಕ್, ಮನೆಯ ಹೆಂಗಸರು ಅಪರೂಪಕ್ಕೆ ಓಡಿಸುತ್ತಿದ್ದದ್ದು. ಅದು ಗುರುವಾರ. ಟೈರು ಬದಲಿಸಲು ಫಿಟ್ಟರು ಬಾಗಿಲಿನ ಕೆಳಗಿನ ಅಂಚಿಗೆ ಜಾಕ್ ಕೊಟ್ಟು ತಿರುಗಿಸಿದರು. ಗಾಡಿ ಏಳಲಿಲ್ಲ. ಜಾಕ್ ಮಾತ್ರ ಏರಿತು. ಕರಕರ ಎಂದು ಸದ್ದಾಗಿ ಜಾಕಿನ ತಲೆ ತಗಡಿನೊಳಗೆ ಹೋಯಿತು.

ಫಿಟ್ಟರು ಜಾಕನ್ನು ಇಳಿಸಿ ಹೊರಗೆಳೆದರು. ಆಮೇಲೆ ಸ್ಕ್ರೂಡ್ರೈವರ್ ತಂದು ಕಪ್ಪು ಕೋಟಿಂಗನ್ನು ಕೆರೆದರು. ಅದು ಸಿಪ್ಪೆಯ ಹಾಗೆ ಉದ್ದಕ್ಕೆ ಎದ್ದು ಬಂತು. ಅದರ ಒಳಮೈಗೆ ಕೆಂಪು ತುಕ್ಕು ಪದರಪದರವಾಗಿ ಅಂಟಿಕೊಂಡಿತ್ತು.

“ಮೇಡಂ, ಮೂಸಿ ನೋಡ್ತ್ರಾ?” ಎಂದರು. ತಮಾಷೆ ಮಾಡುವಾಗಲೂ ಅವರ ಮುಖದಲ್ಲಿ ನಗು ಇರಲಿಲ್ಲ.

ಒಂದು ಗಾಡಿಯಿಂದ ತೀರ್ಮಾನಕ್ಕೆ ಬರಬಾರದು ಎಂದು ನನಗೆ ನಾನೇ ಹೇಳಿಕೊಂಡೆ. ಇದರ ಅಡಿ ಯಾವಾಗಲೋ ಕಲ್ಲಿಗೆ ತಾಗಿರಬಹುದು. ಮಧ್ಯಾಹ್ನದ ಬಸ್ಸು ಹಿಡಿದು ಭಟ್ಕಳಕ್ಕೆ ಹೋದೆ, ಅಲ್ಲಿಂದ ರಿಕ್ಷಾದಲ್ಲಿ ಜಾಲಿಗೆ. ಬಾಗಿಲು ತೆರೆದದ್ದು ಮನೆಯ ಯಜಮಾನಿ, ಅರವತ್ತು ದಾಟಿದ ಹೆಂಗಸು. ಗಾಡಿಯ ಬಗ್ಗೆ ಎಂದ ಕೂಡಲೇ ಗಾಬರಿಯಾದರು.

“ಎಂತ, ಹಾಳಾಯಿತಾ? ನಮ್ಮ ಮನೆಯಲ್ಲಿ ಅದನ್ನು ಮಗುವಿನ ಹಾಗೆ ನೋಡಿಕೊಂಡದ್ದು ಬೇಟಾ.”

“ಹಾಳಾಗಲಿಲ್ಲ ಆಂಟಿ. ಹೇಗೆ ನೋಡಿಕೊಳ್ತಿದ್ರಿ ಅಂತ ಕೇಳಲಿಕ್ಕೆ ಬಂದೆ.”

ಅವರು ಸಂತೋಷದಿಂದ ತೋರಿಸಿದರು. ತಗಡಿನ ಮಾಡು, ನೆಲಕ್ಕೆ ಮರಳು, ಗೋಡೆಗೆ ಸುತ್ತಿಟ್ಟ ನೀಲಿ ಪೈಪು. ಪ್ರತಿದಿನ ಬೆಳಿಗ್ಗೆ ಎರಡೂ ಗಾಡಿಗಳನ್ನು ತೊಳೆಸುತ್ತಿದ್ದರಂತೆ. ಮೇಲೆ ಮಾತ್ರ ಅಲ್ಲ, ಸಮುದ್ರದ ಗಾಳಿಗೆ ಉಪ್ಪು ಕೂರುತ್ತದೆಂದು ಅಡಿಗೂ ಪೈಪು ಹಿಡಿಸಿ. ನೀರು ಎಲ್ಲಿಯದು ಎಂದು ಕೇಳಿದೆ.

“ಬಾವಿಯದ್ದು. ನಳ್ಳಿ ನೀರು ಕುಡಿಯಲಿಕ್ಕೇ ಸಾಲುವುದಿಲ್ಲ.”

ನಾನು ಪೈಪಿನ ಬಾಯಿಗೆ ಕೈ ಒಡ್ಡಿ ಒಂದು ಗುಟುಕು ಬಾಯಿಗೆ ಹಾಕಿಕೊಂಡೆ. ಬಾವಿಗೆ ಸಮುದ್ರ ಸೇರಿತ್ತು. ಗಂಟಲಿಗೆ ಇಳಿಸಲಾಗದೆ ಉಗುಳಿದೆ.

“ಅಯ್ಯೋ, ಕುಡಿಯಬೇಡ, ಅದು ಸವುಳು” ಎಂದು ಅವರು ನಕ್ಕು, ಒಳಗಿನಿಂದ ಬೇರೆ ನೀರು ತರಿಸಿದರು.

ಏಳು ವರ್ಷ, ದಿನಕ್ಕೊಂದು ಸಲ. ಕೋಟಿಂಗ್ ಎಲ್ಲೋ ಒಂದು ಕಡೆ ಬಿರುಕು ಬಿಟ್ಟಿರುತ್ತದೆ. ಉಪ್ಪುನೀರು ಒಳಗೆ ಹೋಗುತ್ತದೆ. ಗಾಡಿ ಓಡುತ್ತಿದ್ದರೆ ಗಾಳಿಗೆ ಒಣಗುತ್ತಿತ್ತು. ನಿಂತೇ ಇರುವುದರಿಂದ ಒಣಗುವುದಿಲ್ಲ. ಮಳೆಗಾಲಕ್ಕೆ ಮೊದಲು ಅದರ ಮೇಲೆ ಇನ್ನೊಂದು ಕೋಟ್ ಬಳಿಯುತ್ತಾರೆ, ನೀರು ಒಳಗೇ ಉಳಿಯುತ್ತದೆ. ಕಡಿಮೆ ಓಡಿದ್ದಕ್ಕೆ, ಚೆನ್ನಾಗಿ ನೋಡಿಕೊಂಡದ್ದಕ್ಕೆ ನಾನು ಬೆಲೆ ಏರಿಸಿದ್ದೆ. ಅವೆರಡೇ ಆ ಗಾಡಿಯನ್ನು ತಿಂದಿದ್ದವು. ಆ ಹೆಂಗಸಿಗೆ ಇದನ್ನು ಹೇಳಲು ನನಗೆ ಬಾಯಿ ಬರಲಿಲ್ಲ. ಆಮೇಲೆ ಹೇಳಿದೆ, ಅದು ಮುಂದೆ ಬರುತ್ತದೆ.

ಶುಕ್ರವಾರ ಯಾರ್ಡಿನಲ್ಲಿ ನಿಂತಿದ್ದ, ಆ ಚಿಕ್ಕದೂ ಸೇರಿ ಐದು ಭಟ್ಕಳದ ಗಾಡಿಗಳನ್ನು ಫಿಟ್ಟರೂ ನಾನೂ ಒಂದೊಂದಾಗಿ ನೋಡಿದೆವು. ಕಣ್ಣಿನಲ್ಲಿ ನೋಡುವುದನ್ನು ಬಿಟ್ಟೆವು. ಫಿಟ್ಟರು ಸಣ್ಣ ಸುತ್ತಿಗೆ ಹಿಡಿದು ಅಂಚಿನಿಂದ ಶುರು ಮಾಡಿ ಗೇಣಿಗೊಂದು ತಟ್ಟುತ್ತ ಹೋದರು, ನಾನು ಕಾಗದದ ಮೇಲೆ ಗಾಡಿಯ ಅಡಿಯ ಚಿತ್ರ ಬರೆದು ಗುರುತು ಹಾಕುತ್ತ ಹೋದೆ. ತಗಡು ಗಟ್ಟಿಯಿದ್ದಲ್ಲಿ ಠಣ್ ಎನ್ನುತ್ತದೆ. ಕೊಳೆತಲ್ಲಿ ಒದ್ದೆ ರಟ್ಟಿಗೆ ಹೊಡೆದ ಹಾಗೆ ಡಬ್ ಎನ್ನುತ್ತದೆ. ಐದರಲ್ಲಿ ಮೂರು ಡಬ್ ಎಂದವು. ಉಳಿದ ಎರಡೂ ದಿನಾ ಓಡಾಡಿದ ಗಾಡಿಗಳು, ಪಟ್ಟಿಯ ಪ್ರಕಾರ ಕಡಿಮೆ ಬೆಲೆಯವು.

ಮಾಲೀಕರು ನನ್ನ ಚಿತ್ರಗಳನ್ನು ತಿರುಗಿಸಿ ತಿರುಗಿಸಿ ನೋಡಿದರು.

“ಪಟ್ಟಿ ಬದಲಿಸಿದ್ರೆ ಈ ಮೂರು ಗಾಡಿ ನನ್ನ ತಲೆ ಮೇಲೆ ಬೀಳ್ತದೆ, ಗೊತ್ತುಂಟಲ್ಲ?”

“ಗೊತ್ತುಂಟು.”

“ಬದಲಿಸದಿದ್ರೆ?”

“ಬೇರೆಯವರ ತಲೆ ಮೇಲೆ ಬೀಳ್ತದೆ.”

ಅವರು ಚಿತ್ರಗಳನ್ನು ಒಟ್ಟು ಮಾಡಿ ಮೇಜಿನ ಮೇಲಿಟ್ಟರು. ಕೊನೆಗೆ, “ಆತು. ಸೋಮವಾರ ಹತ್ತು ಗಂಟೆಗೆ ಹೊಸ ಪಟ್ಟಿ ಹಾಕು. ಮಾರಿದ ಗಾಡಿಗಳ ಗಿರಾಕಿಗಳಿಗೂ ಅವತ್ತೇ ಫೋನು ಮಾಡುವ, ತಂದು ತೋರಿಸಲಿ. ಆದ್ರೆ ಒಂದು ಮಾತು. ಯಾರಿಗೂ ಮೊದಲು ಹೇಳಬೇಡ. ಎಲ್ಲರಿಗೂ ಒಟ್ಟಿಗೇ ಹೇಳು. ಮನೆಯವರಿಗೂ ಅಷ್ಟೇ” ಎಂದರು.

ಮನೆಯವರು ಎಂದರೆ ಯಾರೆಂದು ನನಗೆ ಗೊತ್ತಾಯಿತು. ಅವರ ಆ ಮಾತು ನನಗೆ ಕಲ್ಲುಮನಸ್ಸಿನದಾಗಿ ಕೇಳಿಸಿತು. ವ್ಯಾಪಾರ ಉಳಿಸಿಕೊಳ್ಳಲು ಎರಡು ದಿನ ಗಳಿಸುತ್ತಿದ್ದಾರೆ ಎಂದು ಬಸ್ಸಿನಲ್ಲಿ ಕೂತು ಯೋಚಿಸಿದೆ. ಆದರೂ ಸುಮ್ಮನಿರುವುದೆಂದು ತೀರ್ಮಾನಿಸಿದ್ದೆ. ಕುಮಟೆಯಲ್ಲಿ ಮನೆಗೆ ಬಂದು ಕಾಲು ತೊಳೆಯುವಾಗ ಅಮ್ಮ ಹೇಳಿದಳು, ಭಾನುವಾರ ಮಾವನ ಮನೆಯವರೆಲ್ಲ ಶಿರಸಿಗೆ ಹೋಗುತ್ತಾರಂತೆ, ಅವನ ಮಗನಿಗೆ ಹೆಣ್ಣು ನೋಡಲು. ಅಮ್ಮನನ್ನೂ ಕರೆದಿದ್ದರು. ಹೊಸ ಗಾಡಿಯಲ್ಲಿ, ಏಳು ಜನ.

ಕುಮಟೆಯಿಂದ ಶಿರಸಿಗೆ ದೇವಿಮನೆ ಘಟ್ಟ ಹತ್ತಬೇಕು. ಬರುವಾಗ ಅದನ್ನೇ ಇಳಿಯಬೇಕು.

ಅಂದು ಊಟ ಮಾಡಿದೆನೋ ಇಲ್ಲವೋ ನೆನಪಿಲ್ಲ. ಫಿಟ್ಟರಿಗೆ ಫೋನು ಮಾಡಿದ್ದು ನೆನಪಿದೆ. ಯಾರ್ಡಿನ ಕೆಲಸ ಅಲ್ಲ, ನನ್ನ ಕೆಲಸ, ಬರುತ್ತೀರಾ ಎಂದು ಕೇಳಿದೆ. “ಸುತ್ತಿಗೆ ನನ್ನದೇ, ಯಾರ್ಡಿನದ್ದಲ್ಲ” ಎಂದರು.

ಶನಿವಾರ ಬೆಳಿಗ್ಗೆ ಹಿರೇಗುತ್ತಿಯ ಅಂಗಳದಲ್ಲಿ ಗಾಡಿ ನಿಂತಿತ್ತು, ಆಗಲೇ ತೊಳೆದು, ಒರೆಸಿ. ಮಾವ ಒಗೆದ ಲುಂಗಿ ಉಟ್ಟು ಅದರ ಗಾಜನ್ನು ಹಳೆಯ ಪೇಪರಿನಿಂದ ತಿಕ್ಕುತ್ತಿದ್ದ. ಕೋಟಿಂಗ್ ನೋಡಬೇಕಿತ್ತು ಎಂದೆ. ಅವನಿಗೆ ಅನುಮಾನ ಬರಲಿಲ್ಲ. ಫಿಟ್ಟರಿಗೆ ಕಂಬಳಿ ಹಾಸಿಕೊಟ್ಟು, ಅತ್ತೆಗೆ ಚಾ ಇಡಲು ಹೇಳಿದ.

ಫಿಟ್ಟರು ಅಡಿಗೆ ಹೋದರು. ಮುಂದಿನ ಭಾಗದಲ್ಲಿ ಠಣ್, ಠಣ್. ಬಾಗಿಲಿನ ಅಂಚಿಗೆ ಬಂದಾಗ ಸದ್ದು ಮಂದವಾಯಿತು. ಹಿಂದಿನ ಚಕ್ರಗಳನ್ನು ಗಾಡಿಯ ಮೈಗೆ ಹಿಡಿದಿಡುವ ಆರ್ಮ್ ಕೂರುವ ಜಾಗದಲ್ಲಿ ಮೂರು ಸಲ ತಟ್ಟಿದರು, ಮೂರು ಸಲವೂ ಸದ್ದೇ ಬರಲಿಲ್ಲ ಅನ್ನಬೇಕು. ಆಮೇಲೆ ಅವರ ಕೈ ಹೊರಗೆ ಬಂತು, ಸ್ಕ್ರೂಡ್ರೈವರ್ ಕೊಡಿ ಎಂಬ ಹಾಗೆ. ಕೊಟ್ಟೆ. ಹಿಡಿಕೆಯ ತನಕ ಅದು ಒಳಗೆ ಹೋದದ್ದನ್ನು ನಾನು ಬಗ್ಗಿ ನೋಡಿದೆ. ಮಾವನೂ ನೋಡಿದ.

“ಇದನ್ನ ವೆಲ್ಡ್ ಮಾಡೂಕೆ ಬರ್ತದಾ?” ಎಂದು ಮಾವ ಕೇಳಿದ.

“ಹಿಡಿಯೂಕೆ ತಗಡು ಬೇಕಲ್ಲ. ಪ್ಯಾಚ್ ಹಾಕ್ಬಹುದು. ಸುತ್ತಲಿನದ್ದೂ ಕೊಳೆತದೆ, ನಿಲ್ಲೂದಿಲ್ಲ. ಏಳು ಜನ ಕೂತು ತಿರುವಿನಲ್ಲಿ ಬ್ರೇಕ್ ಹಾಕಿದ್ರೆ ಚಕ್ರ ಒಂದು ಕಡೆ, ಬಾಡಿ ಒಂದು ಕಡೆ. ನಾನಂತೂ ಕೂರೂದಿಲ್ಲ.”

“ನಾ ಓಡಿಸಿದ ಲಾರಿಗೆ ಅಡಿಯೇ ಇರ್ಲಿಲ್ಲ ಮಾರಾಯ. ಕಾಲ ಕೆಳಗೆ ರಸ್ತೆ ಕಾಣ್ತಿತ್ತು. ಸತ್ನಾ?”

“ಲಾರಿಗೆ ಭಾರ ಹೊರುವ ಚಾಸಿ ಬೇರೆ ಇರ್ತದೆ. ಇದಕ್ಕೆ ಬಾಡಿಯೇ ಚಾಸಿ” ಎಂದರು ಫಿಟ್ಟರು.

ಮಾವನಿಗೆ ಅದು ಗೊತ್ತಿಲ್ಲದ ಮಾತಲ್ಲ. ನಾನು ಜಾಲಿಯ ಬಾವಿಯ ಕಥೆ ಹೇಳಿದೆ. ತಪ್ಪು ನನ್ನ ಪಟ್ಟಿಯದು ಎಂದೂ ಹೇಳಿದೆ. ಮಾಲೀಕರು ಗಾಡಿ ವಾಪಸು ತೆಗೆದುಕೊಳ್ಳುವ ಹಾಗೆ ನಾನು ಮಾತಾಡುತ್ತೇನೆ ಎಂದೆ.

“ಯಾವ ರೇಟಿಗೆ?”

“ಹೊಸ ರೇಟಿಗೇ ಆಗ್ಬಹುದು. ನಾ ಹೆಚ್ಚು ಕೇಳ್ತೆ.”

ಅವನು ಕಂಬಳಿ ಮಡಚಿದ. ಮಡಚುತ್ತಲೇ, ಬೇರೆ ಏನೋ ವಿಷಯ ಕೇಳುವವನ ಹಾಗೆ, “ಹೊಸ ಪಟ್ಟಿ ಯಾವಾಗ ಬರ್ತದೆ?” ಎಂದ.

“ಸೋಮವಾರ ಹತ್ತು ಗಂಟೆಗೆ” ಎಂದೆ.

ಇದು ನನಗೆ ಖಚಿತವಾಗಿ ನೆನಪಿದೆ. ಕೇಳಿದ್ದಕ್ಕೆ ಉತ್ತರ ಕೊಟ್ಟೆ. ಮುಚ್ಚಿಡದೆ ಹೇಳಿದೆನೆಂದು ಒಳಗೊಳಗೆ ಹೆಮ್ಮೆಯೂ ಆಗಿತ್ತು. ಅತ್ತೆ ಚಾ ತಂದರು, ಶಿರಸಿಯವರಿಗೆ ಫೋನು ಮಾಡಿ ಗಾಡಿ ಕೆಟ್ಟಿದೆ, ಮುಂದಿನ ವಾರ ಬರುತ್ತೇವೆ ಎಂದರು. ಏಳು ಜನ ಉಳಿದರು. ದಿನಚರಿಯಲ್ಲಿ ಶನಿವಾರದ ಪುಟದಲ್ಲಿ ಒಂದೇ ಸಾಲು: ‘ಮಾವನಿಗೆ ಹೇಳಿಯಾಯಿತು, ಹಗುರ.’

ಸೋಮವಾರ ಹತ್ತಕ್ಕೆ ಪಟ್ಟಿ ಕಳಿಸಿದೆ. ಕಿಲೋಮೀಟರಿನ ಕಾಲಂ ತೆಗೆದುಹಾಕಿದ್ದೆ. ಅದರ ಜಾಗದಲ್ಲಿ ಮೂರು ಪ್ರಶ್ನೆ: ಗಾಡಿ ಎಲ್ಲಿ ನಿಲ್ಲುತ್ತಿತ್ತು, ಯಾವ ನೀರಿನಲ್ಲಿ ತೊಳೆಯುತ್ತಿದ್ದರು, ತಟ್ಟಿದರೆ ಸದ್ದು ಹೇಗಿದೆ. ಹನ್ನೊಂದರೊಳಗೆ ದಲ್ಲಾಳಿಗಳ ಫೋನು ಶುರುವಾಯಿತು. ಒಬ್ಬ ಬೈದ. ಒಬ್ಬ, “ಇನ್ನು ಗಾಡಿ ಕೊಳ್ಳೂಕೆ ಹೋಗುವಾಗ ಲೋಟವನ್ನೂ ಹಿಡ್ಕೊಂಡು ಹೋಗೂದಾ?” ಎಂದು ಕೇಳಿದ. ಹೌದು ಎಂದೆ.

ಮಾವ ಗಾಡಿ ತರಲಿಲ್ಲ. ಫೋನು ಎತ್ತಲಿಲ್ಲ. ಸಂಜೆ ಹಿರೇಗುತ್ತಿಗೆ ಹೋದೆ. ಅಂಗಳದಲ್ಲಿ ಟೈರಿನ ಗುರುತು ಮಾತ್ರ ಇತ್ತು.

ಅತ್ತೆ ತೊಂಡೆಯ ಚಪ್ಪರದ ಕೆಳಗಿದ್ದರು. ನನ್ನ ಮುಖ ನೋಡದೆ ಹೇಳಿದರು, “ನಿನ್ನೆ ಮಧ್ಯಾಹ್ನ ಬಂದಿದ್ರು. ಘಟ್ಟದ ಮೇಲಿನ ಮಾತು. ಗಂಡ, ಹೆಂಡ್ತಿ, ಅವಳ ಸೊಂಟದಲ್ಲಿ ಒಂದು ಸಣ್ಣ ಮಗು. ಗಾಡಿ ಮೂಸಿ ನೋಡಿದ್ರು. ಖುಷಿಯಾದ್ರು.”

“ಬೆಲೆ?”

“ನಿನ್ನ ಪಟ್ಟಿ ತೋರ್ಸಿದ ನಿನ್ನ ಮಾವ. ಅಕ್ಕನ ಮಗಳು ಮಾಡಿದ್ದು, ಇದ್ರಲ್ಲಿ ಸುಳ್ಳಿಲ್ಲ ಅಂದ.”

ಹಳೆಯ ಪಟ್ಟಿ ಜಗಲಿಯ ಟೀಪಾಯಿಯ ಮೇಲೆ ಇನ್ನೂ ಇತ್ತು. ಅದರ ಮೇಲ್ಗಡೆ ತಿಂಗಳ ಹೆಸರು, ಅಡಿಯಲ್ಲಿ ನನ್ನ ಸಹಿ.

ಮರುದಿನ ಫಿಟ್ಟರನ್ನು ಕೇಳಿದೆ. ಶನಿವಾರ ನಾನು ಮಾವನಿಗೆ ಗಾಡಿ ಮಾರಬೇಡ ಎಂದು ಹೇಳಿದ್ದೆ ತಾನೇ? ನನಗೆ ಹೇಳಿದ ನೆನಪಿತ್ತು, ನಿಂತ ಜಾಗ, ಕೈಯಲ್ಲಿದ್ದ ಚಾ ಲೋಟ ಸಮೇತ.

“ಓಡಿಸಬೇಡ ಅಂದ್ರಿ ಮೇಡಂ. ಮಾರಬೇಡ ಅಂದದ್ದು ನಾ ಕೇಳ್ಲಿಲ್ಲ.”

“ನೀವು ಕೈ ತೊಳೀಲಿಕ್ಕೆ ಹೋದಾಗ ಹೇಳಿರಬಹುದು.”

“ಇರಬಹುದು” ಎಂದರು. ಅವರು ಮರ್ಯಾದೆಗೆ ಹಾಗೆ ಹೇಳಿದರೆಂದು ನನಗೆ ತಿಳಿಯಿತು. ಆ ನೆನಪನ್ನು ನಾನು ಆಮೇಲೆ ಕಟ್ಟಿಕೊಂಡಿರಬಹುದು. ಎಷ್ಟು ಯೋಚಿಸಿದರೂ ಯಾವುದು ನಿಜವೆಂದು ಬಿಡಿಸಿಕೊಳ್ಳಲು ಆಗಿಲ್ಲ.

ಮಾಲೀಕರಿಗೆ ಎಲ್ಲ ಹೇಳಿದೆ. ಬೈಯುತ್ತಾರೆಂದುಕೊಂಡಿದ್ದೆ. “ಘಟ್ಟದ ವಿಷಯ ನನಗೆ ಗೊತ್ತಿರ್ಲಿಲ್ಲ. ಗೊತ್ತಿದ್ರೆ ನಾನೂ ಹೇಳು ಅಂತಿದ್ದೆ. ಆದ್ರೆ ವಾರ, ಗಂಟೆ ಹೇಳ್ಬಾರದಿತ್ತು” ಎಂದಷ್ಟೇ ಹೇಳಿ, ಆ ಗಾಡಿ ಸಿಕ್ಕಿದರೆ ಯಾರ್ಡೇ ತೆಗೆದುಕೊಳ್ಳುತ್ತದೆ ಎಂದರು.

ಸಿಗಬೇಕಲ್ಲ. ಮಾವ ನನ್ನ ಫೋನು ಎತ್ತುತ್ತಿರಲಿಲ್ಲ, ಹೋದರೂ ಎದುರಿಗೆ ಸಿಗುತ್ತಿರಲಿಲ್ಲ, ಅತ್ತೆಗೆ ಕೊಂಡವರ ಹೆಸರೂ ಗೊತ್ತಿರಲಿಲ್ಲ. ಮೊಬೈಲಿನಲ್ಲಿ ನಂಬರ್ ಹಾಕಿದರೆ ಗಾಡಿ ಇವತ್ತಿಗೂ ಜಾಲಿಯ ಮನೆಯವರ ಹೆಸರಿನಲ್ಲೇ ಇದೆ. ಖಾಲಿ ಫಾರಂಗಳು ಗಾಡಿಯ ಜೊತೆಗೇ ಹೋಗಿವೆ. ಕೊಂಡವರು ಹೆಸರು ಬದಲಿಸಲು ಹೋದರೆ ಮಾತ್ರ ತಿಳಿಯುತ್ತದೆ, ಅವರೂ ಮೊದಲ ಕೈ ಎಂಬ ಬೆಲೆಗಾಗಿ ಹಾಗೇ ಇಟ್ಟುಕೊಂಡರೆ ಎಂದಿಗೂ ಇಲ್ಲ. ಸಾರಿಗೆ ಕಚೇರಿಯಲ್ಲಿ ಗುಮಾಸ್ತರು ತಾಳ್ಮೆಯಿಂದ ಕೇಳಿದರು. ದಾಖಲೆಯಲ್ಲಿರುವ ಮಾಲೀಕರು ಬರೆದುಕೊಟ್ಟರೆ, ಕಾಗದ ವರ್ಗಾವಣೆಗೆ ಬಂದಾಗ ತಡೆದು ತಿಳಿಸಬಹುದು ಎಂದರು.

ಹಾಗಾಗಿ ಮತ್ತೆ ಜಾಲಿಗೆ ಹೋದೆ. ಈ ಸಲ ಆ ಹೆಂಗಸಿಗೆ ಬಾವಿಯ ನೀರಿನಿಂದ ಶುರು ಮಾಡಿ ಎಲ್ಲವನ್ನೂ ಹೇಳಿದೆ. ಅವರು ಆ ನೀಲಿ ಪೈಪಿನ ಕಡೆ ನೋಡಿದರು.

“ನನಗೆ ಅವತ್ತೇ ಯಾಕೆ ಹೇಳಲಿಲ್ಲ?”

“ನಿಮಗೆ ಬೇಸರ ಆಗ್ತದೆ ಅಂತ.”

“ಬೇಸರ ದೊಡ್ಡದಾ ಬೇಟಾ, ಆ ಮಗು ದೊಡ್ಡದಾ?”

ಅಲ್ಲೇ ದುಬೈಗೆ ಫೋನು ಹಚ್ಚಿ, ಗಂಡನಿಗೆ ತಮ್ಮ ಮನೆಮಾತಿನಲ್ಲಿ ಗದರಿಸಿ ಹೇಳಿದರು. ಎರಡು ದಿನದಲ್ಲಿ ಪತ್ರ ಬಂತು. ಅದನ್ನು ಕಚೇರಿಗೆ ಕೊಟ್ಟೆ. ಘಟ್ಟದ ಮೇಲಿನ ನನಗೆ ಪರಿಚಯವಿದ್ದ ದಲ್ಲಾಳಿಗಳಿಗೂ ಗ್ಯಾರೇಜುಗಳಿಗೂ ಗಾಡಿಯ ನಂಬರ್ ಕಳಿಸಿದೆ, ಕಂಡರೆ ನಿಲ್ಲಿಸಿ, ಹಿಂದಿನ ಚಕ್ರದ ಮೇಲ್ಗಡೆ ತಟ್ಟಿ ನೋಡಿ ಎಂದು. ಇಷ್ಟರ ತನಕ ಯಾರೂ ಫೋನು ಮಾಡಿಲ್ಲ. ದಾರಿಯಲ್ಲಿ ಬಿಳಿ ಏಳು ಸೀಟಿನ ಗಾಡಿ ಕಂಡರೆ ನಂಬರ್ ಓದುವುದು ಅಭ್ಯಾಸವಾಗಿದೆ.

ಹೋದ ತಿಂಗಳು ಮಾವನ ಮಗನ ನಿಶ್ಚಿತಾರ್ಥಕ್ಕೆ ಹೋಗಿದ್ದೆ. ಊಟವಾದ ಮೇಲೆ ಮಾವ ಹಿತ್ತಲ ಕಟ್ಟೆಯ ಮೇಲೆ ಒಬ್ಬನೇ ಕೂತು ಎಲೆಯಡಿಕೆಯ ಕವಳ ಹಾಕುತ್ತಿದ್ದ. ನಾನು ಪಕ್ಕಕ್ಕೆ ಹೋಗಿ ಕೂತೆ. ಸಿಟ್ಟು ಮಾಡಬಾರದೆಂದು ನಿರ್ಧರಿಸಿಯೇ ಹೋಗಿದ್ದೆ.

“ನೀ ಓಡಿಸಬೇಡ ಅಂದೆ. ನಾ ಓಡಿಸ್ಲಿಲ್ಲ” ಎಂದು ಅವನೇ ಶುರು ಮಾಡಿದ. “ಪಟ್ಟಿಯಲ್ಲಿ ಇದ್ದ ಬೆಲೆಗೆ ಕೊಂಡೆ, ಪಟ್ಟಿಯಲ್ಲಿ ಇದ್ದ ಬೆಲೆಗೆ ಕೊಟ್ಟೆ. ಇದ್ರಲ್ಲಿ ನಾ ಮಾಡಿದ ತಪ್ಪೆಂತ ಹೇಳು ನೋಡ್ವಾ.”

ಇದಕ್ಕೆ ನನ್ನ ಹತ್ತಿರ ಉತ್ತರ ಇತ್ತು, ಆದರೆ ಅದರಲ್ಲಿ ನನ್ನ ಪಾಲೂ ಇತ್ತು. ಅವನ ಫೋನು ಕಟ್ಟೆಯ ಮೇಲೆ ನಮ್ಮಿಬ್ಬರ ನಡುವೆ ಇತ್ತು. ಗಾಡಿ ಕೊಂಡವರು ಅದನ್ನು ನೋಡಲು ಬರುವ ಮೊದಲು ಒಂದು ಸಲವಾದರೂ ಆ ಫೋನಿಗೆ ಮಾತಾಡಿಯೇ ಇರುತ್ತಾರೆ.

“ತಪ್ಪು ಸರಿ ಬೇಡ ಮಾವ. ನಿನ್ನ ಹೆಸರು ನಾ ತೆಗೆಯೂದಿಲ್ಲ, ಪಟ್ಟಿ ಮಾಡಿದವಳು ಅಂತ ನಾನೇ ಮಾತಾಡ್ತೆ” ಎಂದೆ. “ಆ ಗಂಡ ಹೆಂಡತಿಯ ನಂಬರ್ ಯಾವುದು?”